ತಾಳ ಕೆಳಗಿಟ್ಟವರು

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆ ಕಾಲಕ್ಕೆ ಮೈಕು ಇರಲಿಲ್ಲ. ಕಂಟ್ರೋಲರ್ ಕೋಣೆಯ ಗೋಡೆಗೆ ತಗಡಿನದೊಂದು ಕಹಳೆ ನೇತುಹಾಕಿರುತ್ತಿತ್ತು. ಬಸ್ಸು ಬಂದು ನಿಂತ ಕೂಡಲೇ ಕಂಟ್ರೋಲರ್ ಅದನ್ನು ಇಳಿಸಿಕೊಂಡು, ಎಡ ಅಂಗೈಯಿಂದ ಎಡಗಿವಿ ಮುಚ್ಚಿ, ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಕೂಗುತ್ತಿದ್ದರು. "ಗಬ್ಬೂರ, ಕಲ್ಮಲಾ, ರಾಯಚೂರ... ಹೋಗೋರು ಬರ್ರೆಪಾ, ಬರ್ರಿ." ರಾಯಚೂರಿನಲ್ಲಿ ಏನೂ ಕೆಲಸವಿಲ್ಲದವನಿಗೂ ಒಮ್ಮೆ ಹೋಗಿಬರೋಣ ಅನ್ನಿಸುವಂಥ ದನಿ ಅದು. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಹೊಸ ಕಂಡಕ್ಟರಾಗಿ ಅಲ್ಲಿಗೆ ಹೋದಾಗ ಮೊದಲು ಕೇಳಿದ್ದು ಆ ದನಿಯನ್ನು, ಮನುಷ್ಯನನ್ನು ನೋಡಿದ್ದು ಆಮೇಲೆ.

ನೋಡಿದರೆ ನಿರಾಸೆಯಾಗುವಂಥ ಆಳು. ಗಿಡ್ಡ, ಕಪ್ಪು, ಖಾಕಿ ಕೋಟಿನ ಮೇಲೆ ಚಳಿಗಾಲದಲ್ಲಿ ಒಂದು ಕರಿ ಕಂಬಳಿ. ಮೇಲಧಿಕಾರಿಗಳು ಬಂದಾಗ ಮಾತ್ರ ಕಂಬಳಿ ಕುರ್ಚಿಯ ಬೆನ್ನಿಗೆ ಹೋಗುತ್ತಿತ್ತು. ಅವರದು ಕುರಿ ಕಾಯುವ ಮನೆತನ. ದೇವದುರ್ಗದ ಹತ್ತಿರದ ಒಂದು ಹಳ್ಳಿಯಿಂದ ಶಾಲೆಗೆ ನಡೆದು ಬಂದು ಓದಿ, ಕಂಡಕ್ಟರಾಗಿ, ಮುಂದೆ ಕಂಟ್ರೋಲರ್ ಆದವರು. "ಕುರಿ ಕರ್ಯೋ ಗಂಟಲ ಇದು, ಮಂದಿ ಬಂದ್ರು ಅಂತ ಬದಲಾಗಂಗಿಲ್ಲ" ಎಂದು ತಮ್ಮನ್ನು ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು. ಹೆಸರು ಬರೆಯುವುದಿಲ್ಲ. ನಾವೆಲ್ಲ ಅಣ್ಣಾರು ಎನ್ನುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು.

ನನಗೆ ಅವರು ಕಲಿಸಿದ ಮೊದಲ ಪಾಠ ಟಿಕೆಟ್ಟಿನದಲ್ಲ. ಒಬ್ಬ ಮುದುಕಿ ಗಂಟು ಹೊತ್ತು ಬಸ್ಸು ಹತ್ತಲಾರದೆ ಒದ್ದಾಡುತ್ತಿದ್ದಳು. ನಾನು ಸಹಾಯ ಮಾಡೋಣವೆಂದು ಗಂಟು ಕಿತ್ತುಕೊಂಡೆ, ಆಕೆ ಗಾಬರಿಯಾಗಿ ಚೀರಿದಳು. ಅಣ್ಣಾರು ಬಂದು ಗಂಟನ್ನು ಆಕೆಗೆ ಮರಳಿ ಕೊಟ್ಟರು. "ಗಂಟಿಗಿ ಕೈ ಹಚ್ಚಬ್ಯಾಡ ತಮ್ಮಾ. ಮುದುಕಿ ಕೈ ಹಿಡಿ. ಗಂಟು ಆಕಿ ಹಿಂದ ತಾನ ಬರತದ" ಎಂದರು. ಆ ಮಾತಿನಲ್ಲಿ ಅವರೇನೂ ದೊಡ್ಡ ಅರ್ಥ ಇಟ್ಟಿರಲಿಲ್ಲ. ಬಸ್ಸು ತಡವಾಗುತ್ತಿತ್ತು, ಅಷ್ಟೇ.

ಬಸ್‌ಸ್ಟ್ಯಾಂಡಿನ ಹಿಂದೆ ಹನುಮಪ್ಪನ ಗುಡಿ. ಪ್ರತಿ ಶನಿವಾರ ಸಂಜೆ ಅಲ್ಲಿ ಭಜನೆ. ಮೇಳದ ಹಿರಿಯ ಅಮರಪ್ಪ. ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ, ಹಾರ್ಮೋನಿಯಂ ಬಾರಿಸುತ್ತಿದ್ದ, ಮಾತು ಕಡಿಮೆ. ದೀಪಕ್ಕೆ ಎಣ್ಣೆ ಹಾಕಿ ಗುಡಿಯ ಕಸ ಹೊಡೆಯುವವಳು ಹುಲಿಗೆಮ್ಮ. ಸ್ಟ್ಯಾಂಡಿನ ಬಾಗಿಲಲ್ಲಿ ಒಲೆ ಹೂಡಿ ಮಿರ್ಚಿ ಭಜಿ ಕರಿಯುತ್ತಿದ್ದಳು, ನಮ್ಮಂಥ ಕಂಡಕ್ಟರುಗಳಿಗೆ ತಾಯಿ ಸಮಾನ. ಉಳಿದವರು ಕೂಲಿಯವರು, ಹೊಲದವರು, ಗಿರಣಿಯ ವಾಚ್‌ಮನ್, ಹಮಾಲರು. ಮೊದಲ ಸಾಲು ಎತ್ತಿಕೊಡುವವರು ಅಣ್ಣಾರು. ಕೈಯಲ್ಲಿ ಒಂದು ಜೋಡಿ ಕಂಚಿನ ತಾಳ. ಅವರು ಎತ್ತಿದರೆ ಮಾತ್ರ ಎಲ್ಲರ ಬಾಯಿ ತೆರೆಯುತ್ತಿತ್ತು. ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಭಕ್ತಿ ಅಂಥ ದೊಡ್ಡದೇನಲ್ಲ. ಫುಟ್‌ಬೋರ್ಡಿನ ಮೇಲೆ ನಿಂತ ಪ್ರಯಾಣಿಕನ ಹಾಗೆ ನಾನು ಒಳಗೂ ಇಲ್ಲ, ಹೊರಗೂ ಇಲ್ಲ. ಆದರೆ ಅವರ ದನಿಯ ಹಿಂದೆ ದನಿ ಸೇರಿಸುವುದು ಸುಖವಾಗಿತ್ತು.

ಶ್ರಾವಣದಲ್ಲಿ ಏಳು ದಿನದ ಭಜನೆ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಗುಡಿಯ ನಡುವೆ ದೀಪ ಹಚ್ಚುತ್ತಾರೆ. ಅದರ ಸುತ್ತ ನಡೆಯುತ್ತ ಹಾಡಬೇಕು. ಏಳು ದಿನ ಹಗಲು ರಾತ್ರಿ ದೀಪ ಆರಬಾರದು, ತಾಳ ನಿಲ್ಲಬಾರದು. ಪಾಳಿ ಬದಲಾಗುವಾಗಲೂ ಬಂದವನು ಹೋಗುವವನ ಕೈಯಿಂದ ತಾಳವನ್ನು ಬಡಿತ ತಪ್ಪದಂತೆ ತೆಗೆದುಕೊಳ್ಳಬೇಕು. ಹಾಡು ಮರೆತರೆ ನಡೆಯುತ್ತದೆ, ದನಿ ಒಡೆದರೆ ನಡೆಯುತ್ತದೆ. ತಾಳ ನಿಂತರೆ ಅಷ್ಟು ದಿನದ್ದೂ ಹೋಯಿತು, ಮತ್ತೆ ಒಂದನೇ ದಿನದಿಂದ ಶುರು. ಹಾಗೆ ನಿಂತದ್ದನ್ನು ನಮ್ಮ ಮೇಳದಲ್ಲಿ ಯಾರೂ ಕಂಡಿರಲಿಲ್ಲ.

ನಾನು ಕಂಡೆ. ಆ ವರ್ಷ ಐದನೆಯ ದಿನ ಮಧ್ಯಾಹ್ನ ಅಣ್ಣಾರ ಪಾಳಿ. ಜೊತೆಯಲ್ಲಿರಬೇಕಾದ ಗಿರಣಿ ವಾಚ್‌ಮನ್‌ನಿಗೆ ಜ್ವರ ಬಂದಿತ್ತು. ಹಗಲು ಹೊತ್ತಿನಲ್ಲಿ ಒಬ್ಬನೇ ಇದ್ದರೂ ಆಗುತ್ತದೆ ಎಂದು ಅವರೇ ನಿಂತಿದ್ದರು. ಆಮೇಲಿನ ಪಾಳಿ ನನ್ನದು. ರಾಯಚೂರಿನಿಂದ ಬಸ್ಸು ತಂದು, ಚೀಲವನ್ನು ಕೋಣೆಯಲ್ಲಿಟ್ಟು, ಕಾಲು ತೊಳೆದು ಗುಡಿಯ ಮೆಟ್ಟಿಲು ಹತ್ತಿದೆ. ಸಪ್ಪಳವಿರಲಿಲ್ಲ. ದೀಪ ಉರಿಯುತ್ತಿತ್ತು. ಅಣ್ಣಾರು ದೀಪದ ಮುಂದೆ ಕುಳಿತಿದ್ದರು, ತಾಳ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿತ್ತು, ಆದರೆ ನಿದ್ದೆ ಅಲ್ಲ. ನಿದ್ದೆ ಹೋದವರ ಮುಖ ಹಾಗಿರುವುದಿಲ್ಲ.

ಹತ್ತಿರ ಹೋಗಿ ಮೆಲ್ಲಗೆ, "ಅಣ್ಣಾರ, ತಾಳ ತಗೋರಿ. ಯಾರೂ ಕೇಳಿಲ್ಲ" ಎಂದೆ.

ಅವರು ಕಣ್ಣು ತೆರೆದರು. "ನಾ ಕೇಳೀನಲ್ಲ" ಎಂದರು.

"ಎಷ್ಟೊತ್ತಾತು ನಿಂತು?"

"ಗೊತ್ತಿಲ್ಲ ತಮ್ಮಾ. ಕೈ ತಾನ ನಿಂತು."

ನಾನೇ ತಾಳ ಎತ್ತಿಕೊಳ್ಳಲು ಕೈ ಚಾಚಿದೆ. ಅವರು ನನ್ನ ಮುಂಗೈ ಹಿಡಿದು ತಡೆದು, ತಾಳವನ್ನು ನೆಲದ ಮೇಲಿಟ್ಟು, ಎದ್ದು ಹೊರಗೆ ನಡೆದರು. ನೇರ ಕಂಟ್ರೋಲರ್ ಕೋಣೆಗೆ. ಗೋಡೆಯ ಕಹಳೆ ಇಳಿಸಿದರು. ಎಡಗಿವಿ ಮುಚ್ಚಿಕೊಂಡರು. ಗಬ್ಬೂರು ಬಸ್ಸಿಗೆ ಕಾದಿದ್ದವರು ಗಂಟುಮೂಟೆ ಎತ್ತಿಕೊಳ್ಳತೊಡಗಿದ್ದರು. ಅವರು ಬಸ್ಸು ಕೂಗುವ ಅದೇ ರಾಗದಲ್ಲಿ, "ಭಜನಿ ನಿಂತದ. ನನ್ನ ಕೈಲಿಂದ ನಿಂತದ. ಮೇಳದವರು ಎಲ್ಲಿದ್ರೂ ಬರ್ರಿ" ಎಂದು ಕೂಗಿದರು. ಹುಲಿಗೆಮ್ಮನ ಕೈಯಿಂದ ಭಜಿ ಎತ್ತುವ ಜಾರೆ ಎಣ್ಣೆಯೊಳಕ್ಕೆ ಬಿತ್ತು.

ಮೇಳ ಸೇರಿತು. ಹೊಲದಲ್ಲಿದ್ದವರು ಕಾಲಿನ ಕೆಸರಿನಲ್ಲೇ ಬಂದರು. ಶ್ರಾವಣವೆಂದರೆ ಕಳೆ ತೆಗೆಯುವ ಕಾಲ, ಕೂಲಿ ಸಿಗುವ ಕಾಲ. ಏಳು ದಿನಕ್ಕೆಂದು ಕೆಲಸ ಹೊಂದಿಸಿಕೊಂಡವರೇ ಎಲ್ಲರೂ. ಯಾರಾದರೂ ಒಬ್ಬ ಬಯ್ಯುತ್ತಾನೆ ಎಂದು ನಾನು ಕಾದಿದ್ದೆ. ಅಣ್ಣಾರೂ ಕಾದಿದ್ದರು. ಗುಡಿಯ ಕಂಬಕ್ಕೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತಿದ್ದರು. ಅಮರಪ್ಪ ಬಂದವನು ದೀಪ ನೋಡಿದ, ನೆಲದ ಮೇಲಿನ ತಾಳ ನೋಡಿದ, ಅಣ್ಣಾರ ಮುಖ ನೋಡಿದ. "ದೀಪ ಅದ ಅಲ್ಲ" ಎಂದ. "ಇವತ್ತ ಒಂದನೇ ದಿನ. ತಾಳ ತಗೋರಿ." ಅಷ್ಟೇ. ಹುಲಿಗೆಮ್ಮ ಹೋಗಿ ಒಲೆ ಆರಿಸಿ ಬಂದು ದೀಪಕ್ಕೆ ಎಣ್ಣೆ ಹಾಕಿದಳು. ಮತ್ತೆ ಏಳು ದಿನ ಆಕೆ ಒಲೆ ಹಚ್ಚಲಿಲ್ಲ.

ಆ ಎರಡನೆಯ ಏಳು ದಿನ ಅಣ್ಣಾರು ಹಾಡಿದ ಹಾಗೆ ಮುಂಚೆ ಎಂದೂ ಹಾಡಿರಲಿಲ್ಲ ಎಂದು ಎಲ್ಲರೂ ಹೇಳಿದರು. ಮಂಗಳದ ದಿನ ಅವರು ತಾಳವನ್ನು ಹಣೆಗೆ ಒತ್ತಿಕೊಂಡು ನನ್ನ ಕೈಯಲ್ಲಿಟ್ಟರು. ಪಾಳಿ ಬದಲಾಯಿತು ಎಂದುಕೊಂಡೆ. ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಜನರಿಗೆ ಇದು ಅರ್ಥವಾಗಲು ಒಂದೇ ದಾರಿಯಿತ್ತು: ಯಾವುದೋ ಬೇರೆ ಗುರುವಿನ ಉಪದೇಶವಾಗಿರಬೇಕು. ಕೆಲವರು ಬಂದು ಕೇಳಿದರು. "ಯಾವ ಗುರುಗಳ ಹತ್ರ ತಗೊಂಡ್ರಿ ಅಣ್ಣಾರ? ನಮಗೂ ಹೇಳ್ರಿ." ಯಾರ ಹತ್ತಿರವೂ ಇಲ್ಲ ಎಂದರೆ ನಂಬಲಿಲ್ಲ. ಗುಟ್ಟು ಮಾಡುತ್ತಾರೆ ಎಂದುಕೊಂಡರು. ಗುರು ಬದಲಾಯಿಸುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ, ಮಠ ಬದಲಾಯಿಸುವುದೂ ಅಲ್ಲ. ಗುರು, ಮಠ, ಮೇಳ ಯಾವುದೂ ಇಲ್ಲದೆ ಒಬ್ಬ ಮನುಷ್ಯ ದೇವರ ಕಡೆ ಹೋಗುತ್ತಾನೆ ಎಂದರೆ ಅದು ಯಾರ ತಲೆಗೂ ಹೋಗುವುದಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ.

ಒಂದು ದಿನ ಕೊನೆಯ ಬಸ್ಸು ಕಳಿಸಿ ಗುಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಅವರನ್ನು ನಾನೇ ಕೇಳಿದೆ, ಮೇಳ ಯಾಕೆ ಬಿಟ್ಟಿರಿ ಎಂದು.

"ಗಿರಣಿ ಬಂದಾದ ಮ್ಯಾಲ ಗೊತ್ತಾಗತದಲ್ಲ, ಇಷ್ಟೊತ್ತು ಸಪ್ಪಳಿತ್ತು ಅಂತ. ಹಂಗಾತು" ಎಂದರು. "ನಾ ಹಾಡಾಕತ್ತಿದ್ರ ನನಗ ಕೇಳಸೂದು ನನ್ನ ದನೀನ. ಮಂದಿ ಭೇಷ್ ಅಂತಾರ. ಅದೂ ಕೇಳಸತದ. ಅವತ್ತ ಕೈ ನಿಂತಾಗ ನನ್ನ ದನಿ ಇರ್ಲಿಲ್ಲ. ಅಷ್ಟು ಸುಖ ನನಗ ಯಾವ ಪದದಾಗೂ ಸಿಕ್ಕಿಲ್ಲ ತಮ್ಮಾ."

"ಇದನ್ನ ಅಮರಪ್ಪಗ ಹೇಳ್ರಲ್ಲ."

"ಹೆಂಗ ಹೇಳ್ಲಿ? ನನ್ನ ತಪ್ಪಿಗಿ ಕೂಲಿ ಬಿಟ್ಟು ಇನ್ನೊಮ್ಮಿ ಏಳು ದಿನ ನಿಂತ ಮಂದಿ ಅವರು. ನೀವು ನಿಂತಿದ್ದು ಆತು, ನನಗ ತಾಳ ನಿಂತದ್ದ ಚೊಲೊ ಆತು ಅಂತ ಅವರ ಮುಂದ ಹೇಳ್ಲಾ?" ಅಂದವರು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಸುಳ್ಳು ಹಾಡೂದು ಬ್ಯಾಡಂತ ಬಿಟ್ಟೀನಿ. ಬಿಟ್ಟಿದ್ದು ಖರೆ ಅದ. ಆದ್ರ ಹೊಟ್ಟ್ಯಾಗ ಕಳ್ಳನಂಗ ಆಗತದ."

ಮೇಳದವರು ಅವರನ್ನು ದೂರ ಮಾಡಿದ್ದರೆ ಕಥೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಮೊದಲ ಸಾಲು ಎತ್ತುವ ಕೆಲಸ ನನಗೆ ಬಂತು, ಆದರೆ ನಿಲ್ಲುವುದು ನನ್ನ ಹಳೆಯ ಜಾಗದಲ್ಲೇ. ಅಣ್ಣಾರು ನಿಲ್ಲುತ್ತಿದ್ದಲ್ಲಿ ಯಾರೂ ನಿಲ್ಲಲಿಲ್ಲ. ದೀಪದ ಸುತ್ತ ನಡೆಯುವಾಗಲೂ ಒಬ್ಬ ಮನುಷ್ಯನಿಗಾಗುವಷ್ಟು ಸಂದು ಬಿಟ್ಟುಕೊಂಡೇ ನಡೆಯುತ್ತಿದ್ದೆವು. ಯಾರೂ ಹೇಳಿ ಮಾಡಿಸಿದ್ದಲ್ಲ. ಭಜನೆ ಮುಗಿದ ಮೇಲೆ ಹುಲಿಗೆಮ್ಮ ಪುಠಾಣಿ, ಸಕ್ಕರೆ, ಕೊಬ್ಬರಿ ಚೂರು ಮುತ್ತುಗದೆಲೆಯಲ್ಲಿ ಕಟ್ಟಿ ಅವರ ಮನೆಗೆ ಮುಟ್ಟಿಸುತ್ತಿದ್ದಳು. ಪ್ರತಿ ಶನಿವಾರ.

ಮುಂದೆ ಅವರಿಗೆ ಮಾನ್ವಿಗೆ ವರ್ಗವಾಯಿತು. ಅಲ್ಲಿಗೆ ಈ ಪ್ರಸಾದ ಮುಗಿಯಿತು ಎಂದುಕೊಂಡರೆ ಹುಲಿಗೆಮ್ಮನನ್ನು ತಿಳಿದ ಹಾಗಾಗಲಿಲ್ಲ. ರವಿವಾರ ಮುಂಜಾನೆ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಎಲೆ ಪೊಟ್ಟಣ ಕೊಡುತ್ತಿದ್ದಳು. ಅವನು ಸಿರವಾರದಲ್ಲಿ ಮಾನ್ವಿ ಕಡೆ ಹೋಗುವ ಕಂಡಕ್ಟರನಿಗೆ ಕೊಡುತ್ತಿದ್ದ. ನಮ್ಮಲ್ಲಿ ಕೈಯಿಂದ ಕೈಗೆ ಔಷಧಿ, ಬುತ್ತಿ, ಎಮ್ಮೆ ಕರು ಹಾಕಿದ ಸುದ್ದಿ ಎಲ್ಲ ಹೀಗೇ ಹೋಗುತ್ತಿದ್ದವು. ಕಂಟ್ರೋಲರಿಗೆ ಬರುವ ಪೊಟ್ಟಣವೆಂದರೆ ಕೇಳಬೇಕೆ, ತಪ್ಪಿದ್ದೇ ಇಲ್ಲ. ಆ ಹೊತ್ತಿಗೆ ನನಗೂ ಮಾನ್ವಿ, ಕಲ್ಲೂರು, ರಾಯಚೂರಿನ ರೂಟು ಬಿದ್ದಿತ್ತು. ಆದ್ದರಿಂದ ನೋಡುತ್ತಿದ್ದೆ. ಅಣ್ಣಾರು ಪೊಟ್ಟಣ ಬಂದ ಕೂಡಲೇ ಎದ್ದು ನಿಂತು, ಟೋಪಿ ತೆಗೆದು, ನಿಂತೇ ತಿನ್ನುತ್ತಿದ್ದರು. ಒಂದು ಕಾಳು ಬಿಡುತ್ತಿರಲಿಲ್ಲ. ತಿಂದು ಮುಗಿಸಿದ ಮೇಲೆ ಅರ್ಧ ದಿನ ಮುಖ ಸಪ್ಪಗಿರುತ್ತಿತ್ತು.

"ಬೈದು ಕಳಿಸಿದ್ರ ಒಂದ್ ದಿನಕ್ಕ ಮುಗೀತಿತ್ತು" ಎಂದು ಒಮ್ಮೆ ಅಂದರು. "ನೀ ದೇವದುರ್ಗಕ್ಕ ಹೋದಾಗ ಹುಲಿಗೆವ್ವಗ ಹೇಳು. ಸಾಕಂತ ಹೇಳು."

ಹೋದಾಗ ಹೇಳಿದೆ. ಆಕೆ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ. "ಅವರು ಬರ್ಲಿ ಬಿಡ್ಲಿ, ಅದು ಅವರ ಖುಷಿ. ನಾ ಯಾಕ ಬರ್ಲಿಲ್ಲಂತ ಕೇಳೀನೇನು? ಪಾಲು ಅವರದು ಅದ. ಅವರ ಪಾಲು ನಾ ಹೆಂಗ ತಿನ್ಲಿ?" ಎಂದಳು. ಅದನ್ನೇ ಬಂದು ಹೇಳಿದೆ. ಅಣ್ಣಾರು ನಕ್ಕರು, ಆಮೇಲೆ ಕೋಣೆಯ ಕಿಟಕಿ ಕಡೆ ಮುಖ ತಿರುಗಿಸಿದರು.

ಮಾನ್ವಿಯಲ್ಲಿ ಅವರು ಏನು ಸಾಧನೆ ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ನಾನು ಹೇಳುವಂಥದ್ದು ಬಹಳಿಲ್ಲ. ಮುಂಜಾನೆ ಮೊದಲ ಬಸ್ಸಿಗೆ ಮುಂಚೆ ಬಂದು ಕೋಣೆಯ ಬಾಗಿಲು ಅರೆ ಮುಚ್ಚಿಕೊಂಡು ಸುಮ್ಮನೆ ಕುಳಿತಿರುತ್ತಿದ್ದರು. ರಜೆಯ ದಿನ ಊರ ಹೊರಗಿನ ಬಂಡೆಯ ಮೇಲೆ. ದರ್ಗಾದ ಗೋಡೆಗೆ ಒರಗಿ ಕುಳಿತದ್ದನ್ನು ಕಂಡೆ ಎಂದು ಡ್ರೈವರ್ ಒಬ್ಬ ಹೇಳಿದ. ಅದೂ ನಿಜವೇ. ಎಲ್ಲಿಯೂ ಒಳಗೆ ಹೋಗುತ್ತಿರಲಿಲ್ಲ, ಯಾರಿಗೂ ಬೋಧನೆ ಮಾಡುತ್ತಿರಲಿಲ್ಲ, ಮಾಂಸ ಬಿಡಲಿಲ್ಲ, ಗಡ್ಡ ಬಿಡಲಿಲ್ಲ. ಬಸ್ಸು ತಡಮಾಡಿದರೆ ನಮ್ಮನ್ನು ಬೈಯುವುದನ್ನೂ ಬಿಡಲಿಲ್ಲ.

ಅಣ್ಣಾರ ಹೆಂಡತಿ, ನಮಗೆಲ್ಲ ಅತ್ತಿಗೆ, ಭಜನೆ ಬಿಟ್ಟವರಲ್ಲ. ಮಾನ್ವಿಯಲ್ಲಿ ಹೆಣ್ಣುಮಕ್ಕಳ ಒಂದು ಮೇಳ ಹುಡುಕಿಕೊಂಡಿದ್ದರು. ಅಣ್ಣಾರು ಬ್ಯಾಟರಿ ಹಿಡಿದು ಅವರನ್ನು ಬಾಗಿಲ ತನಕ ಬಿಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು, ಮುಗಿದ ಮೇಲೆ ಕರೆದುಕೊಂಡು ಬರುತ್ತಿದ್ದರು. ಒಮ್ಮೆ ನಾನೂ ಜೊತೆಯಲ್ಲಿದ್ದೆ. ಅತ್ತಿಗೆ ಚಪ್ಪಲಿ ಬಿಡುತ್ತ, "ಒಳಗ ಬಂದ್ರ ದೇವರೇನು ಕಚ್ಚತಾನೇನು?" ಎಂದರು.

"ದೇವರಲ್ಲ. ನನ್ನ ದನಿ ನನಗ ಕಚ್ಚತದ" ಎಂದರು ಅಣ್ಣಾರು.

"ಮೂವತ್ತು ವರ್ಷ ಅದೇ ದನಿ ಕೇಳ್ಕೋತ ರೊಟ್ಟಿ ಬಡದೀನಿ. ನನಗೆಂದೂ ಕಚ್ಚಿಲ್ಲ." ಅತ್ತಿಗೆ ಒಳಗೆ ಹೋದರು. ಒಳಗೆ ತಾಳ ಶುರುವಾಯಿತು. ಅಣ್ಣಾರ ಬಲಗೈ ಬೆರಳು ತೊಡೆಯ ಮೇಲೆ ತಾನಾಗಿ ಬಡಿಯತೊಡಗಿತು. ಅವರು ಎಡಗೈಯಿಂದ ಅದನ್ನು ಅದುಮಿ ಹಿಡಿದು ಕುಳಿತರು. ಮುಗಿಯುವ ತನಕ ಹಾಗೇ ಕುಳಿತಿದ್ದರು. ಆ ಮನುಷ್ಯನನ್ನು ನೋಡಿ ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಇಷ್ಟು ಕಷ್ಟಪಟ್ಟು ಸುಮ್ಮನಿರುವುದಕ್ಕಿಂತ ಒಳಗೆ ಹೋಗಿ ಹಾಡಿಬಿಡಬಾರದೇ ಎಂದುಕೊಂಡೆ.

ಒಂದು ಶ್ರಾವಣದಲ್ಲಿ ಅವರು ಸಿರವಾರದ ಬಸ್ಸು ಹತ್ತಿದರು. ಸಿರವಾರದಲ್ಲಿ ಇಳಿದು ದೇವದುರ್ಗದ ಬಸ್ಸು ಹಿಡಿದರು. ನನಗೂ ಅಂದು ಡ್ಯೂಟಿ ಮುಗಿದಿತ್ತು, ಜೊತೆಗೆ ಹೋದೆ. ಏಳು ದಿನದ ಭಜನೆ ನಡೆದಿತ್ತು. ಗುಡಿಗೆ ಬರುತ್ತಾರೇನೋ ಎಂದು ನನ್ನ ಮನಸ್ಸು ಕುಣಿಯಿತು. ಅವರು ಗುಡಿಯ ಹಿಂದಿನ ಗೋಡೆಯ ಹತ್ತಿರ ನಿಂತರು. ಒಳಗಿನಿಂದ ತಾಳ ಕೇಳುತ್ತಿತ್ತು, ಅಮರಪ್ಪನ ಹಾರ್ಮೋನಿಯಂ ಕೇಳುತ್ತಿತ್ತು.

"ನಡದದ ಅಲ್ಲ?" ಎಂದು ಕೇಳಿದರು.

"ನಡದದ್ರಿ. ಎಲ್ಲಿ ನಿಂತದ?"

"ನಾ ಇಲ್ಲಂದ್ರ ನಿಲ್ಲತದ ಅಂತ ಅನ್ಕೊಂಡಿದ್ದೆ" ಎಂದವರು, ಗೋಡೆಗೆ ಕಿವಿಗೊಟ್ಟು, "ನಿಂತಿಲ್ಲ. ಚೊಲೊ ಆತು" ಎಂದರು. ಚೊಲೊ ಆತು ಎಂದವರ ಕಣ್ಣು ತುಂಬಿತ್ತು. ಒಳಗೆ ಬರುವಂತೆ ಕರೆಯುವ ಧೈರ್ಯ ನನಗಾಗಲಿಲ್ಲ. ಮುಂದಿನ ಬಸ್ಸಿಗೇ ತಿರುಗಿ ಹೋದರು. ಮರುದಿನ ಪೊಟ್ಟಣದ ಜೊತೆ ಹುಲಿಗೆಮ್ಮ ಮಾತು ಕಳಿಸಿದಳು: ಗೋಡಿಗಿ ನಿಂತರೂ ಪ್ರಸಾದ ತಿಂದು ಹೋಗೂದು. ಯಾರೋ ಕಂಡು ಹೇಳಿದ್ದರು.

ಎಂಬತ್ತರ ನಂತರ ರಾಯಚೂರಿಗೆ ಬಂದರು. ಅಲ್ಲಿ ಮೈಕಿತ್ತು, ಕೂಗುವ ಕೆಲಸಕ್ಕೆ ಬೇರೆ ಹುಡುಗರಿದ್ದರು. ಅವರ ದನಿ ಕೇಳದ ಬಸ್‌ಸ್ಟ್ಯಾಂಡು ನನಗೆ ಉಪ್ಪಿಲ್ಲದ ಸಾರಿನ ಹಾಗೆ ಅನ್ನಿಸುತ್ತಿತ್ತು, ಅವರಿಗೆ ಮಾತ್ರ ಹಾಯೆನಿಸಿತ್ತು. ನಿವೃತ್ತಿಯಾದ ಮೇಲೆ ಮಾವಿನಕೆರೆಯ ಆಚೆ ಒಂದು ಸಣ್ಣ ಬಾಡಿಗೆ ಮನೆ. ತಿಂಗಳಿಗೊಮ್ಮೆ ನನ್ನನ್ನು ಕರೆದುಕೊಂಡು ದೇವಸುಗೂರಿಗೆ ಹೋಗುತ್ತಿದ್ದರು. ಜನ ಸೂಗೂರೇಶ್ವರನ ಗುಡಿಗೆ ಸಾಲು ನಿಂತರೆ ಇವರು ಗುಡಿಯ ಮುಂದೆ ಕೈ ಮುಗಿದು ಹೊಳೆಗೆ ಇಳಿದು, ಒಂದು ಕಲ್ಲಿನ ಮೇಲೆ ಕೂರುತ್ತಿದ್ದರು. ನಾನು ಒಳಗೆ ಹೋಗಿ ದರ್ಶನ ಮಾಡಿ, ಕಾಯಿ ಒಡೆಸಿ ಬರುವ ತನಕ ಕೃಷ್ಣೆಯನ್ನು ನೋಡುತ್ತ ಕುಳಿತಿರುತ್ತಿದ್ದರು. "ದರ್ಶನ ಆತಾ?" ಎಂದು ನನ್ನನ್ನು ಕೇಳುತ್ತಿದ್ದರು. "ನಿಮಗ?" ಎಂದರೆ, "ಹೊಳಿ ನೋಡಿದೆ" ಎನ್ನುತ್ತಿದ್ದರು. ಆಗ ಮುಖ ತಿಳಿಯಾಗಿರುತ್ತಿತ್ತು. ಐದನೆಯ ದಿನ ದೀಪದ ಮುಂದೆ ಕಂಡ ಮುಖವೇ ಅದು. ನಾನು ಕಾಯಿ ಚೂರು ಕೊಟ್ಟರೆ ಮತ್ತೆ ಕಳ್ಳನ ಮುಖವಾಗುತ್ತಿತ್ತು. ಹುಲಿಗೆಮ್ಮನ ನೆನಪಾಗುತ್ತಿತ್ತೇನೋ. ಆಕೆಯ ಪೊಟ್ಟಣ ರಾಯಚೂರಿಗೂ ಬರುತ್ತಿತ್ತು.

ಜಡ್ಡಾಗಿ ಹಾಸಿಗೆ ಹಿಡಿದರು. ಎದೆಯ ಬೇನೆ, ಡಾಕ್ಟರು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಒಂದು ಸಂಜೆ ಅತ್ತಿಗೆ ನೀರಿಗೆ ಹೋದಾಗ ನನ್ನನ್ನು ಹತ್ತಿರ ಕರೆದರು. ಉಸಿರು ಸಾಲುತ್ತಿರಲಿಲ್ಲ.

"ನಾ ಹೋದಾಗ ಮೇಳದವರು ಬರ್ತಾರ. ತಾಳ ತರ್ತಾರ. ಬ್ಯಾಡ ತಮ್ಮಾ. ಸುಮ್ನ ಒಯ್ರಿ ನನ್ನ."

"ಅದೇನು ಮಾತು ಬಿಡ್ರಿ ಅಣ್ಣಾರ."

"ಕೇಳು. ಇಷ್ಟು ವರ್ಷ ಒಂದ್ ಕಾಲು ಹೊರಗಿಟ್ಟೆ, ಒಂದ್ ಕಾಲು ಅವರ ಋಣದಾಗಿತ್ತು. ಕೂತಲ್ಲಿ ಪೂರಾ ಕೂಡ್ಲಿಲ್ಲ ನಾನು. ಒಮ್ಮಿಯಾದ್ರೂ ನನ್ನ ಹಂಗ ನಾ ಹೋಗಬೇಕು. ಅವರ ಮಾರಿ ನೋಡಿ ಹೇಳಾಕ ನನಗ ಆಗಂಗಿಲ್ಲ. ನೀ ಹೇಳಬೇಕು."

ಕೈ ಮುಂದೆ ಮಾಡಿದರು. ನಾನು ಕೈ ಮೇಲೆ ಕೈ ಇಟ್ಟೆ. ಹಾಗೆ ಇಡುವಾಗ ಅದು ಸಣ್ಣ ಕೆಲಸ ಅನ್ನಿಸಿತ್ತು. ಸಾಯುವವರ ಒಂದು ಆಸೆ, ಒಂದು ಮಾತು ಹೇಳಿದರಾಯಿತು.

ಅವರು ಹೋದ ಮರುದಿನ ಮುಂಜಾನೆ ದೇವದುರ್ಗದ ಮೊದಲ ಬಸ್ಸಿನಿಂದ ಮೇಳ ಇಳಿಯಿತು. ಎಲ್ಲರೂ ಮುದುಕರಾಗಿದ್ದರು. ಅಮರಪ್ಪನ ಹಾರ್ಮೋನಿಯಂ ಪೆಟ್ಟಿಗೆಯನ್ನು ಇಬ್ಬರು ಹಿಡಿದು ತಂದರು. ಗಿರಣಿ ವಾಚ್‌ಮನ್ ಕೋಲೂರಿಕೊಂಡು ಬಂದಿದ್ದ. ಹುಲಿಗೆಮ್ಮ ಸೆರಗಿನಲ್ಲಿ ಅಣ್ಣಾರ ತಾಳ ಕಟ್ಟಿಕೊಂಡಿದ್ದಳು, ನನಗೆ ಮಾನ್ವಿ ರೂಟು ಬಿದ್ದ ಮೇಲೆ ಅದು ಗುಡಿಯಲ್ಲೇ ಇತ್ತು. ಹೆಣದ ಮುಂದೆ ಕುಳಿತು ಆಕೆ ಅಳಲಿಲ್ಲ. ಅಂಗಳದಲ್ಲಿ ಅಮರಪ್ಪ ಪೆಟ್ಟಿಗೆಯ ಬಟ್ಟೆ ಬಿಚ್ಚತೊಡಗಿದ.

ನಾನು ಅತ್ತಿಗೆಯ ಕಡೆ ನೋಡಿದೆ. "ನನಗೂ ಹೇಳಿದ್ರು" ಎಂದರು ಅವರು ಮೆಲ್ಲಗೆ. "ನಾ ಕೇಳದಂಗ ಮಾಡಿದೆ. ನನ್ನ ಬಾಯಿಲಿ ಬರಂಗಿಲ್ಲ. ನಿಮಗ ಹೇಳ್ಯಾರಲ್ಲ, ನೀವ ಹೇಳ್ರಿ."

ಅಂಗಳಕ್ಕೆ ಹೋದೆ. ಈ ಮಂದಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಊರಿಂದ ಊರಿಗೆ ವಾದ್ಯ ಹೊತ್ತು, ತಮ್ಮನ್ನು ಬಿಟ್ಟುಹೋದವನಿಗಾಗಿ ಹಾಡಲು ಬಂದವರು. ಸುಮ್ಮನಿದ್ದುಬಿಡಲೇ ಅನ್ನಿಸಿತು. ಸತ್ತವರಿಗೆ ಏನು ಕೇಳುತ್ತದೆ? ಆದರೆ ಕೈ ಮೇಲೆ ಕೈ ಇಟ್ಟಾಗಿತ್ತು. "ಅಮರಪ್ಪಣ್ಣ, ಹಾಡೂದು ಬ್ಯಾಡಂತ ಹೇಳ್ಯಾರ. ಸುಮ್ನ ಒಯ್ಯಬೇಕಂತ" ಎಂದೆ.

ಅಮರಪ್ಪ ತಲೆ ಎತ್ತಿದ. "ಅವರ ಅಂದ್ರಾ?"

"ಹೌದ್ರಿ. ಅವರ."

ಆತ ಬಿಚ್ಚಿದ ಬಟ್ಟೆಯನ್ನು ಮತ್ತೆ ಹೊದಿಸಿ ಗಂಟು ಹಾಕಿದ. ಗಂಟು ಎರಡು ಸಲ ಜಾರಿತು. ಅವರು ವಾದಿಸಿದ್ದರೆ, ನನ್ನನ್ನು ನೂಕಿ ಹಾಡಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಹಳ್ಳಿಯಿಂದ ಬಂದಿದ್ದ ಅಣ್ಣಾರ ತಮ್ಮನ ಮಗ ಮುಂದೆ ನಡೆದ. ನಾವು ಹೆಗಲು ಕೊಟ್ಟೆವು. ಹಲಗೆಯ ಬಡಿತವಿಲ್ಲ, ಭಜನೆಯಿಲ್ಲ, ಚಪ್ಪಲಿಯ ಸಪ್ಪಳವಷ್ಟೇ. ಬಜಾರದ ಅಂಗಡಿಯವನೊಬ್ಬ, "ಯಾರದಪಾ, ಹಿಂದ ಮುಂದ ಯಾರೂ ಇಲ್ಲೇನು?" ಎಂದು ಕೇ‌ಳಿದ. ಇಡೀ ಮೇಳ ಅವನ ಮುಂದೆಯೇ ನಡೆದಿತ್ತು. ಎಲ್ಲರೂ ಬಾಯಿ ಬಿಗಿಹಿಡಿದಿದ್ದರು. ಮಣ್ಣು ಹಾಕುವಾಗಲೂ ಹಾಗೆಯೇ. ಅಣ್ಣಾರು ಬಯಸಿದ್ದ ಮೌನ ಅವರಿಗೆ ಪೂರ್ತಿ ಸಿಕ್ಕಿತು, ಅದರಲ್ಲಿ ಸಂಶಯವಿಲ್ಲ.

ಮಧ್ಯಾಹ್ನ ಅವರನ್ನು ಬಸ್ಸು ಹತ್ತಿಸಲು ಹೋದೆ. ಹುಲಿಗೆಮ್ಮ ಕಿಟಕಿಯ ಹತ್ತಿರ ಕುಳಿತಳು. ತಾಳ ಇನ್ನೂ ಸೆರಗಿನಲ್ಲೇ ಇತ್ತು. ಕಿಟಕಿಯ ಸರಳು ಹಿಡಿದು ನನ್ನನ್ನು ಕರೆದಳು.

"ಅವರಿಗಿ ಬ್ಯಾಡಾಗಿತ್ತು, ಖರೆ. ಅವರ ಮಾತು ನಡಸಿದಿ, ಚೊಲೊ ಮಾಡಿದಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ನಾವು ಹಾಡಾಕ ಬಂದಿದ್ದು ಅವರಿಗಿ ಅಂತ ಅಲ್ಲಪ್ಪಾ. ನಮ್ಮ ಮನಿಷಾ ಹೋಗ್ಯಾನ, ನಾವು ಅಳಬೇಕಿತ್ತು. ನಮಗ ಹಾಡಲಾರದ ಅಳಾಕ ಬರಂಗಿಲ್ಲ. ಅದನ್ನ ನಮಗ ಯಾಕ ಕೇಳ್ಲಿಲ್ಲ ನೀನು?"

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಡ್ರೈವರ್ ಚಹಾಕ್ಕೆ ಹೋಗಿದ್ದ. ಅವನು ಬರುವ ತನಕ ಆಕೆ ಒಣಗಿದ ಕಣ್ಣಿನಿಂದ ನನ್ನನ್ನೇ ನೋಡುತ್ತ ಕುಳಿತಿದ್ದಳು, ನಾನು ಕೆಳಗೆ ನಿಂತಿದ್ದೆ.